ಸಹಿ ಅವನದೇ ಇರಲಿ, ಪಕ್ಕದಲ್ಲಿ ನಾವಿರುತ್ತೇವೆ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿಯ ಮಾನ್ಯ ಜಿಲ್ಲಾಧಿಕಾರಿಗಳೇ,

ನಿಮ್ಮ ಮೂವರ ಮೇಜಿಗೂ ಆಗಾಗ ಒಂದು ತರಹದ ಅರ್ಜಿ ಬರುತ್ತದೆ. ಮಗನಿಗೋ ಮಗಳಿಗೋ ಹದಿನೆಂಟು ದಾಟಿದೆ, ಬೌದ್ಧಿಕ ಅಂಗವೈಕಲ್ಯ ಇದೆ, ಇಲ್ಲವೇ ಆಟಿಸಂ, ಸೆರೆಬ್ರಲ್ ಪಾಲ್ಸಿ ಇದೆ, ನಮ್ಮನ್ನು ಗಾರ್ಡಿಯನ್ (ಅವರ ಪರವಾಗಿ ನಿರ್ಧರಿಸಿ ಸಹಿ ಹಾಕುವವರು) ಅಂತ ನೇಮಿಸಿ ಎಂದು ತಂದೆ ತಾಯಿ ಬರೆದಿರುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಅದನ್ನು ತೀರ್ಮಾನಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿಯಾಗಿ ನೀವು, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತೀರಿ. ಆ ಅರ್ಜಿಗಳ ಬಗ್ಗೆಯೇ ನನ್ನ ವಿನಂತಿ. 'ಗಾರ್ಡಿಯನ್ ಯಾರಾಗಬೇಕು?' ಎಂದು ಕೇಳುವ ಮೊದಲು, 'ಇವನು ತನ್ನ ನಿರ್ಧಾರ ತಾನೇ ಮಾಡಲು ಏನು ಸಹಾಯ ಬೇಕು? ಯಾರ ಸಹಾಯ ಇವನಿಗೆ ಇಷ್ಟ?' ಎಂದು ಕೇಳಿ. ಅದನ್ನು ಅವನನ್ನೇ ಕೇಳಿ.

ನಾನು ಹುಬ್ಬಳ್ಳಿಯವಳು. ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಬಂದ ಬೌದ್ಧಿಕ ಅಂಗವೈಕಲ್ಯ. ವಯಸ್ಸು ಮೂವತ್ತು ದಾಟಿದೆ. ನಮ್ಮ ಓಣಿಯ ಹತ್ತಿರ ಒಂದು ರೊಟ್ಟಿ ಕೇಂದ್ರ ಇದೆ. ಅಲ್ಲಿ ಖಡಕ್ ರೊಟ್ಟಿ ಎಣಿಸಿ ಕವರಿಗೆ ಹಾಕುವ ಕೆಲಸ ಅವನದು. ವಾರಕ್ಕೊಮ್ಮೆ ಪಗಾರ ಬರುತ್ತದೆ. ಆ ಹಣ ತನ್ನ ಹೆಸರಿನಲ್ಲೇ ಇರಬೇಕು, ಪಾಸ್‌ಬುಕ್ಕಿನಲ್ಲಿ ತನ್ನ ಫೋಟೋ ಇರಬೇಕು ಎಂಬುದು ಅವನ ಬಹಳ ದಿನದ ಆಸೆ. ಒಂದು ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದವರು ಅವನ ಜೊತೆ ಮಾತೇ ಆಡಲಿಲ್ಲ. "ಗಾರ್ಡಿಯನ್ ಸರ್ಟಿಫಿಕೇಟ್ ತಗೊಂಡ ಬರ್ರೀ ಮೇಡಂ, ಇಲ್ಲಾಂದ್ರ ಆಗೂದಿಲ್ಲ" ಎಂದು ನನಗೆ ಹೇಳಿದರು. ನನ್ನ ತಮ್ಮ ತನ್ನ ಆಧಾರ್ ಕಾರ್ಡು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಎರಡನ್ನೂ ಚಾಚಿಕೊಂಡೇ ನಿಂತಿದ್ದ. ಅವನದೇ ದುಡಿಮೆಯ ಹಣ ಅವನದೇ ಖಾತೆಗೆ ಹೋಗಬೇಕಾದರೆ, ಅವನ ಪರವಾಗಿ ಸಹಿ ಹಾಕುವ ಹಕ್ಕು ನನಗೆ ಬರಬೇಕು ಎಂದು ಅದರ ಅರ್ಥ.

ಇದು ನಮ್ಮೊಬ್ಬರ ಕಥೆ ಅಲ್ಲ. ಇಂಥ ಮಕ್ಕಳ ತಾಯಂದಿರು ಸೇರಿದಲ್ಲೆಲ್ಲ ಇದೇ ಮಾತು. ಗಾರ್ಡಿಯನ್ ಆಗಲು ಬರುವ ಎಷ್ಟೋ ಮನೆಯವರಿಗೆ ಮಕ್ಕಳ ಹಕ್ಕು ಕಿತ್ತುಕೊಳ್ಳುವ ಮನಸ್ಸೇನೂ ಇರುವುದಿಲ್ಲ. ಬ್ಯಾಂಕು ಕೇಳಿತು, ಇನ್ಯಾವುದೋ ಕಚೇರಿ ಕೇಳಿತು, ಅದಕ್ಕೆ ಬಂದಿರುತ್ತಾರೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕೊಟ್ಟ ಗಾರ್ಡಿಯನ್ ಪ್ರಮಾಣಪತ್ರವನ್ನು ನಂಬಿ ಖಾತೆ ತೆರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಗಾರ್ಡಿಯನ್ ಇರುವವರಿಗೆ ಅದು ಅನುಕೂಲ. ಕೌಂಟರಿಗೆ ಬರುವಷ್ಟರಲ್ಲಿ ಅದೇ ಅನುಕೂಲ ಕಡ್ಡಾಯ ಆಗಿಬಿಟ್ಟಿದೆ. ಇದೇ ರಿಸರ್ವ್ ಬ್ಯಾಂಕ್ 2008ರಲ್ಲಿ ಕಣ್ಣು ಕಾಣದವರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ನಿರಾಕರಿಸಬೇಡಿ, ಕರಾರು ಮಾಡಿಕೊಳ್ಳುವ ಅರ್ಹತೆ ಅವರಿಗೆ ಕಾನೂನಿನಲ್ಲೇ ಇದೆ ಎಂದು ಸ್ಪಷ್ಟವಾಗಿ ಹೇಳಿತ್ತು. ನನ್ನ ತಮ್ಮನಂಥವರ ಬಗ್ಗೆಯೂ ಯಾರಾದರೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಜಿಲ್ಲೆಯ ಬ್ಯಾಂಕುಗಳ ಸಭೆಗಳಲ್ಲಿ ನೀವು ಕೂಡುತ್ತೀರಿ. ಆ ಮಾತು ನಿಮ್ಮಿಂದಲೇ ಶುರುವಾಗಬಹುದು.

ಕಾನೂನು ನಮ್ಮ ಕಡೆಗೇ ಇದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿಕೊಂಡಿತು. ಬದುಕಿನ ಎಲ್ಲ ವಿಷಯಗಳಲ್ಲೂ ಅಂಗವಿಕಲರಿಗೆ ಉಳಿದವರಷ್ಟೇ ಕಾನೂನಿನ ಅರ್ಹತೆ ಇದೆ, ಅದನ್ನು ಬಳಸಲು ಸಹಾಯ ಬೇಕಿದ್ದರೆ ಆ ಸಹಾಯವನ್ನು ಸರ್ಕಾರ ಒದಗಿಸಬೇಕು ಎನ್ನುತ್ತದೆ ಅದರ 12ನೇ ವಿಧಿ. ಆ ಮಾತನ್ನು ನಮ್ಮ ದೇಶದ ಕಾನೂನಿಗೆ ತಂದದ್ದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆಸ್ತಿ ಹೊಂದುವುದು, ಪಿತ್ರಾರ್ಜಿತ ಪಡೆಯುವುದು, ಹಣಕಾಸು ನೋಡಿಕೊಳ್ಳುವುದು, ಬ್ಯಾಂಕ್ ಸಾಲ ಪಡೆಯುವುದು, ಇವೆಲ್ಲ ಉಳಿದವರಿಗೆ ಇರುವ ಹಾಗೆಯೇ ಅಂಗವಿಕಲರಿಗೂ ಇರುವ ಹಕ್ಕು ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. ಸಹಾಯ ಮಾಡುವವರು ಒತ್ತಡ ಹೇರಬಾರದು. ಅವರು ಬೇಡ ಅನ್ನಿಸಿದರೆ ಬದಲಿಸುವ, ಪೂರ್ತಿ ಬಿಡುವ ಹಕ್ಕೂ ಆ ವ್ಯಕ್ತಿಗೇ ಇದೆ.

14ನೇ ಸೆಕ್ಷನ್ ಗಾರ್ಡಿಯನ್ ವಿಷಯಕ್ಕೆ ಬರುತ್ತದೆ. ಅಲ್ಲಿ ಇರುವುದು ಸೀಮಿತ ಗಾರ್ಡಿಯನ್‌ಶಿಪ್. ಒಂದು ನಿರ್ದಿಷ್ಟ ನಿರ್ಧಾರಕ್ಕೆ, ಒಂದು ನಿರ್ದಿಷ್ಟ ಅವಧಿಗೆ ಮಾತ್ರ. ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿ, ನಂಬಿಕೆಯ ಮೇಲೆ, ಆ ವ್ಯಕ್ತಿಯ ಇಚ್ಛೆಯ ಪ್ರಕಾರ ನಿರ್ಧಾರ ಮಾಡಬೇಕು. ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದಕ್ಕಿಂತ ಹಳೆಯದು, ಒಡಂಬಡಿಕೆಗಿಂತಲೂ ಹಳೆಯದು. ಆದರೂ ಅದು ಕೂಡ ಕಣ್ಣು ಮುಚ್ಚಿ ಗಾರ್ಡಿಯನ್ ನೇಮಿಸಿ ಎನ್ನುವುದಿಲ್ಲ. ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಿದ್ದರೆ ಯಾವ ಉದ್ದೇಶಕ್ಕೆ, ಈ ಎರಡನ್ನೂ ಸಮಿತಿ ನೋಡಲೇಬೇಕು ಎಂದು ಅದರಲ್ಲೇ ಬರೆದಿದೆ. ಹಾಗಾಗಿ ನಾನು ಕೇಳುತ್ತಿರುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

"ಎಲ್ಲಾ ಖರೇ ಅವ್ವಾ, ಆದರ ಅವನಿಗೇನು ತಿಳೀತದ?" ಎಂದು ನಮ್ಮ ಬಂಧುಗಳೇ ಕೇಳುತ್ತಾರೆ. ಆ ಪ್ರಶ್ನೆಗೆ ಬರೀ ಸೆಕ್ಷನ್ ಹೇಳಿದರೆ ಸಾಲದು. ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ.

ತಮ್ಮನಿಗೆ 'ಇದು ಬೇಕಾ, ಅದು ಬೇಕಾ' ಎಂದು ಕೇಳಿದರೆ ಕೊನೆಗೆ ಹೇಳಿದ್ದನ್ನೇ ಹೇಳುತ್ತಾನೆ. ಅದನ್ನೇ ಅವನ ಆಯ್ಕೆ ಎಂದು ಹಿಡಿಯಲು ಬರುವುದಿಲ್ಲ. ಆದ್ದರಿಂದ ಸ್ವಲ್ಪ ಹೊತ್ತು ಬಿಟ್ಟು ಅದಲು ಬದಲು ಮಾಡಿ ಕೇಳುತ್ತೇವೆ. ಆಗಲೂ ಅದೇ ಉತ್ತರ ಬಂದರೆ ಅದು ಅವನದು. ಎದುರಿಗೆ ಇರುವವರು ಡಾಕ್ಟರೋ ಅಧಿಕಾರಿಯೋ ಆದರೆ ಅವರನ್ನು ಖುಷಿಪಡಿಸಲು ಎಲ್ಲದಕ್ಕೂ 'ಹೂಂ' ಅಂದುಬಿಡುತ್ತಾನೆ. ಅಂಥ 'ಹೂಂ'ಗೆ ಬೆಲೆ ಇಲ್ಲ. ಮನೆಗೆ ಬಂದು, ಊಟ ಆದಮೇಲೆ, ಟಿವಿ ಆರಿಸಿ ಮತ್ತೆ ಕೇಳಬೇಕು. ಹಣದ ವಿಷಯ ಬಂದರೆ ನೋಟುಗಳನ್ನೇ ಚಾಪೆಯ ಮೇಲೆ ಇಡುತ್ತೇವೆ. ಇಷ್ಟು ಮನೆಗೆ, ಇಷ್ಟು ಉಳಿತಾಯಕ್ಕೆ, ಇಷ್ಟು ನಿನ್ನ ಖರ್ಚಿಗೆ. ಅವನೇ ಒಂದು ಗುಂಪಿನಿಂದ ಇನ್ನೊಂದಕ್ಕೆ ನೋಟು ಸರಿಸುತ್ತಾನೆ. ಸಾವಿರ, ಲಕ್ಷ ಎಂದು ಬಾಯಲ್ಲಿ ಹೇಳಿದರೆ ಅವನಿಗೆ ಎರಡೂ ಒಂದೇ. ಕಣ್ಣಿಗೆ ಕಂಡರೆ ಚೆನ್ನಾಗಿ ತಿಳಿಯುತ್ತದೆ.

ಒಮ್ಮೆ ಹಲ್ಲು ತೆಗೆಸಬೇಕಾಗಿ ಬಂತು. ಅವನು ಒಲ್ಲೆ ಅಂದ. "ನೀವು ಸಹಿ ಹಾಕಿದರೆ ಸಾಕು, ಹಿಡಿದು ಕೂರಿಸೋಣ" ಎಂಬ ಸಲಹೆ ಬಂತು. ನಾನು ಟೈಮ್ ಕೇಳಿದೆ. ಕೆಲಸದ ಒತ್ತಡ ಇಲ್ಲದ ಹೊತ್ತಿನಲ್ಲಿ ಹೋಗಿ ಕುರ್ಚಿ ತೋರಿಸಿದೆವು. ಅದರಲ್ಲಿ ಕೂತು ನೋಡಿದ, ಇಳಿದ, ಮತ್ತೆ ಕೂತ. ಸೂಜಿ ಎಲ್ಲಿ ಚುಚ್ಚುತ್ತೀರಿ, ಎಷ್ಟು ಹೊತ್ತು ನೋಯುತ್ತದೆ, ಮರುದಿನ ಕೆಲಸಕ್ಕೆ ಹೋಗಬಹುದಾ, ಎಲ್ಲ ಕೇಳಿದ. ಅವನು ಹೆದರಿದ್ದು ಹಲ್ಲಿಗಿಂತ ಜಾಸ್ತಿ ಕೆಲಸ ಹೋಗುತ್ತದೆ ಎಂದು! ರಜೆಯ ದಿನ ತೆಗೆಸಿಕೊಳ್ಳುತ್ತೇನೆ ಎಂದು ಅವನೇ ಹೇಳಿದ. ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ.

ಅವನಿಗೆ ಸಹಾಯ ಮಾಡುವವಳು ನಾನೊಬ್ಬಳೇ ಅಲ್ಲ. ದುಡ್ಡಿನ ವಿಷಯಕ್ಕೆ ಆಟೋ ಓಡಿಸುವ ನಮ್ಮ ಚಿಕ್ಕಪ್ಪನ ಮಗನನ್ನು ಕೇಳುತ್ತಾನೆ. ಕೆಲಸದ ತಕರಾರು ಇದ್ದರೆ ರೊಟ್ಟಿ ಕೇಂದ್ರದ ಅಕ್ಕ. ಆಸ್ಪತ್ರೆಗೆ ನಾನು. ಬಟ್ಟೆ ಕೊಳ್ಳಲು ಯಾರೂ ಬೇಡ, ಸ್ವತಃ ದುರ್ಗದ ಬೈಲಿಗೆ ಹೋಗಿ ಆರಿಸುತ್ತಾನೆ. ಯಾವುದಕ್ಕೆ ಯಾರು ಎಂದು ಹಂಚಿದವನು ಅವನೇ. ಬೆಂಬಲದಿಂದ ನಿರ್ಧಾರ ಮಾಡುವುದು ಎಂದರೆ ಇದೇ. ಎಲ್ಲ ವಿಷಯಕ್ಕೂ ಒಬ್ಬರನ್ನೇ ಕೂರಿಸಿ, ಅವರ ಹೆಸರಿಗೆ ಒಂದು ಆದೇಶ ಮಾಡಿದರೆ ಉಳಿದವರೆಲ್ಲ ಕಾಗದದ ಹೊರಗೆ ಉಳಿಯುತ್ತಾರೆ. ಅವನೂ ಉಳಿಯುತ್ತಾನೆ.

ಅವನು ಮಾಡುವ ನಿರ್ಧಾರಗಳೆಲ್ಲ ನನಗೆ ಹಿಡಿಸುತ್ತವೆ ಎಂದಲ್ಲ. ಉಳಿಸಿದ ಹಣದಲ್ಲಿ ಜಾಸ್ತಿ ಪಾಲು ಹಾಕಿ ಒಂದು ದೊಡ್ಡ ಸ್ಪೀಕರ್ ತಂದ. ಬೇಡ ಎಂದೆ, ಯಾಕೆ ಬೇಡ ಎಂದೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೂ ತಂದ. ಹಣ ಅವನದು. ನಮ್ಮ ಮನೆಯ ಉಳಿದ ಗಂಡಸರು ಮದುವೆ ಮುಂಜಿಗೆ ಸಾಲ ಮಾಡಿದಾಗ ಯಾರೂ ಅವರಿಗೆ ಗಾರ್ಡಿಯನ್ ನೇಮಿಸಲಿಲ್ಲ, ಅಲ್ವಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 4ನೇ ಸೆಕ್ಷನ್ ಈ ಮಾತನ್ನು ಚೆನ್ನಾಗಿ ಹೇಳಿದೆ. ಚಿಕಿತ್ಸೆಯ ಬಗ್ಗೆ ಒಬ್ಬರು ಮಾಡಿದ ನಿರ್ಧಾರ ಬೇರೆಯವರಿಗೆ ತಪ್ಪು ಎಂದು ಕಂಡ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದಾಗುವುದಿಲ್ಲ. ಆ ಕಾಯ್ದೆಯಲ್ಲಿ ಪ್ರತಿಯೊಬ್ಬ ವಯಸ್ಕರೂ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾವೇ ಆರಿಸಬಹುದು, ಬೇಕೆಂದಾಗ ಬದಲಿಸಬಹುದು. ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಈ ಮೂರೂ ಜಿಲ್ಲೆಗಳಿಂದ ಜನ ಬರುತ್ತಾರೆ. ಬರುವ ಪ್ರತಿ ಮನೆಯವರಿಗೂ ಈ ಎರಡು ವಿಷಯ ಮೊದಲ ದಿನವೇ ತಿಳಿಯಬೇಕು.

ಸಹಾಯ ಪಡೆದು ನಿರ್ಧಾರ ಮಾಡುವುದು ನಮಗೇನು ಹೊಸದಾ? ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ರೈತ ನಾಲ್ಕು ಜನರನ್ನು ಕೇಳದೆ ಮಾರುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಎಂದರೆ ಸಹಿಗೆ ಮೊದಲು ಊರಿಗೆಲ್ಲ ಫೋನ್ ಹೋಗುತ್ತದೆ. ಹೆಣ್ಣು ನೋಡಲು ಹೋದವರು "ಹಿರ್ಯಾರನ್ನ ಕೇಳಿ ಹೇಳ್ತೀವಿ" ಎಂದೇ ಎದ್ದು ಬರುತ್ತಾರೆ. ಇಷ್ಟು ಜನರನ್ನು ಕೇಳಿದರು ಎಂದು ಅವರ ಸಹಿಯ ಹಕ್ಕು ಹೋಗುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. 2010ರ ತನಕ, ಅರವತ್ತು ವರ್ಷಕ್ಕೂ ಜಾಸ್ತಿ, ನೂರಾರು ಮಕ್ಕಳಿಗೆ ಊಟ, ವಿದ್ಯೆ, ಸಂಗೀತ ಕೊಟ್ಟು ಆ ಆಶ್ರಮ ನಡೆಸಿದರು. ಕೈ ಹಿಡಿದು ನಡೆಸುವ ಶಿಷ್ಯರು ಸುತ್ತ ಇದ್ದರು. ಕೈ ಹಿಡಿದವರದೇ ನಿರ್ಧಾರ ಎಂದು ಈ ನಾಡಿನಲ್ಲಿ ಯಾರೂ ಅನ್ನಲಿಲ್ಲ. ಕಣ್ಣು ಕಾಣದಿರುವುದು ಬೇರೆ, ಬೌದ್ಧಿಕ ಅಂಗವೈಕಲ್ಯ ಬೇರೆ, ಒಪ್ಪುತ್ತೇನೆ. ಬೇಕಾಗುವ ಸಹಾಯವೂ ಬೇರೆ. ಆದರೆ ಸಹಾಯ ಪಡೆದವರ ಮಾತೇ ಕೊನೆಯ ಮಾತು ಎಂಬುದು ಎರಡೂ ಕಡೆ ಒಂದೇ ಆಗಿರಬೇಕು.

ಈಗ ಆಸ್ತಿಯ ಮಾತು. ನಮ್ಮ ಕಡೆ ಗಾರ್ಡಿಯನ್ ವಿಷಯ ನಿಜವಾಗಿ ಬಿಸಿಯಾಗುವುದು ಇಲ್ಲಿಯೇ. ಯಾವುದೇ ರೋಗ, ಊನ, ಅಂಗವೈಕಲ್ಯದ ಕಾರಣಕ್ಕೆ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಆದರೂ ಕುಂದಗೋಳದ ಎರೆಹೊಲವೋ ಹಳೇ ಹುಬ್ಬಳ್ಳಿಯ ಮನೆಯೋ ಪಾಲಾಗುವಾಗ "ಅವನ ಪಾಲು ನಾವ ನೋಡ್ಕೋತೀವಿ" ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಂದು ಗೋಡೆ. 1908ರ ನೋಂದಣಿ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಪತ್ರ ಬರೆದುಕೊಡುವವರು ಬುದ್ಧಿಹೀನರು ಅಥವಾ ಹುಚ್ಚರು ಎಂದು ಅಧಿಕಾರಿಗೆ ಕಂಡರೆ ನೋಂದಣಿ ನಿರಾಕರಿಸಬೇಕು. ಬ್ರಿಟಿಷರ ಕಾಲದ ಈ ಪದಗಳು ಇನ್ನೂ ಹಾಗೇ ಇವೆ. ಡೌನ್ ಸಿಂಡ್ರೋಮ್ ಇರುವವರ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಖ ನೋಡಿ ತೀರ್ಮಾನ ಆಗುವುದನ್ನು ತಡೆಯಲು ಅಲ್ಲಿ ಏನು ವ್ಯವಸ್ಥೆ ಇದೆ? ಇದಕ್ಕಿಂತ ಹಳೆಯದಾದ 1872ರ ಕರಾರು ಕಾಯ್ದೆ ಕೂಡ ಇಷ್ಟು ಒರಟಲ್ಲ. ಕರಾರು ಮಾಡುವ ಹೊತ್ತಿನಲ್ಲಿ ಆ ವ್ಯಕ್ತಿಗೆ ಅದು ಅರ್ಥವಾಗುತ್ತದೆಯೇ, ತನಗೆ ಅದರಿಂದ ಏನಾಗುತ್ತದೆ ಎಂದು ಯೋಚಿಸಲು ಆಗುತ್ತದೆಯೇ ಎಂದು ಅದು ಕೇಳುತ್ತದೆ. ಅರ್ಥವಾಗುವ ಹಾಗೆ ನಾವು ಹೇಳಿದ್ದೇವೆಯೇ ಎಂಬುದು ಅದರ ಜೊತೆಗೇ ಬರಬೇಕಾದ ಪ್ರಶ್ನೆ.

ಇಲ್ಲಿ ನನ್ನ ವಿಷಯವನ್ನೂ ಹೇಳಬೇಕು. ನಮ್ಮ ತಂದೆಯ ಮನೆಯಲ್ಲಿ ತಮ್ಮನಿಗೂ ಪಾಲಿದೆ, ನನಗೂ ಪಾಲಿದೆ. ನಾನು ಅವನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ಹಾಗಿದ್ದರೂ ಆ ಮನೆಯ ವ್ಯವಹಾರದಲ್ಲಿ ನಾನು ಅವನ ಸಹಾಯಕ್ಕೆ ಕೂರಬಾರದು. 2016ರ ಕಾಯ್ದೆ ಇದನ್ನು ನೇರವಾಗಿ ಹೇಳಿದೆ: ಒಂದು ಹಣಕಾಸಿನ ಅಥವಾ ಆಸ್ತಿಯ ವ್ಯವಹಾರದಲ್ಲಿ ಸಹಾಯ ಮಾಡುವವರ ಹಿತ ಮತ್ತು ಅಂಗವಿಕಲ ವ್ಯಕ್ತಿಯ ಹಿತ ಎದುರುಬದುರಾದರೆ, ಆ ವ್ಯವಹಾರದ ಮಟ್ಟಿಗೆ ಸಹಾಯ ಮಾಡುವವರು ಹಿಂದೆ ಸರಿಯಬೇಕು. ರಕ್ತಸಂಬಂಧ ಇದೆ ಎಂಬ ಒಂದೇ ಕಾರಣಕ್ಕೆ ಅನುಮಾನ ಪಡಬೇಕಿಲ್ಲ ಎಂದೂ ಅದು ಹೇಳುತ್ತದೆ. ಎಷ್ಟು ನ್ಯಾಯವಾದ ಮಾತು! ನಾನೇ ಅವನ ಪೂರ್ಣ ಗಾರ್ಡಿಯನ್ ಆದರೆ ಒಂದೇ ಕೈ ಎರಡೂ ಕಡೆ ಸಹಿ ಹಾಕುವ ದಾರಿ ತೆರೆಯುತ್ತದೆ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು ಎಂದು ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲೇ ಇದೆ. ಈಗಾಗಲೇ ಆದೇಶ ಪಡೆದವರ ಲೆಕ್ಕಗಳನ್ನು ದಯವಿಟ್ಟು ತರಿಸಿ ನೋಡಿ. ಅಂಗವಿಕಲರ ಮೇಲೆ ದೌರ್ಜನ್ಯ, ಶೋಷಣೆ ಆಗುತ್ತಿದೆ ಎಂದು ಯಾರೇ ತಿಳಿಸಿದರೂ ಕ್ರಮ ತೆಗೆದುಕೊಳ್ಳುವ ಅಧಿಕಾರ 2016ರ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. 'ಯಾರಾದರೂ ಮೋಸ ಮಾಡಿದರೆ?' ಎಂಬ ಭಯಕ್ಕೆ ಉತ್ತರ ಅಲ್ಲಿದೆ. ಮೋಸ ಮಾಡಿದವರನ್ನು ಹಿಡಿಯಬೇಕು. ಮೋಸ ಹೋಗಬಹುದಾದವರ ಸಹಿ ಕಿತ್ತುಕೊಳ್ಳುವುದು ಯಾವ ರಕ್ಷಣೆ?

ಎಲ್ಲರ ಪರಿಸ್ಥಿತಿ ನನ್ನ ತಮ್ಮನ ಹಾಗೆ ಇರುವುದಿಲ್ಲ, ಗೊತ್ತು. ಒಂದು ಮಾತೂ ಆಡದ, ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ತಾಯಂದಿರನ್ನು ನಾನು ಬಲ್ಲೆ. "ನಾವು ಹೋದ ಮ್ಯಾಲೆ ಯಾರ ನೋಡ್ತಾರ?" ಎಂಬ ಅವರ ಪ್ರಶ್ನೆಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಆದರೆ ಆ ತಾಯಂದಿರೇ ನನಗೆ ಕಲಿಸಿದ್ದು ಬೇರೆ. ಮಗು ಯಾರು ಮುಟ್ಟಿದರೆ ಮೈ ಬಿಗಿ ಮಾಡುತ್ತದೆ, ಯಾರ ದನಿ ಕೇಳಿದರೆ ಸಡಿಲಾಗುತ್ತದೆ, ಯಾವ ಔಷಧಿ ಕೊಟ್ಟ ದಿನ ಮುಖ ತಿರುಗಿಸುತ್ತದೆ, ಎಲ್ಲ ಅವರಿಗೆ ಗೊತ್ತು. ಅದೂ ಇಚ್ಛೆಯೇ. ಆ ಒಡಂಬಡಿಕೆಯ ಪಾಲನೆ ನೋಡುವ ವಿಶ್ವಸಂಸ್ಥೆಯ ಸಮಿತಿ 2014ರಲ್ಲಿ ಹೇಳಿದ್ದೂ ಇದನ್ನೇ: ಎಷ್ಟು ಪ್ರಯತ್ನಿಸಿದರೂ ಇಚ್ಛೆ ತಿಳಿಯದಿದ್ದರೆ, ಆ ವ್ಯಕ್ತಿಯನ್ನು ಬಲ್ಲವರಿಂದ ಅವರ ಇಷ್ಟಾನಿಷ್ಟ ಏನಿರಬಹುದು ಎಂದು ಸಾಧ್ಯವಾದಷ್ಟು ಚೆನ್ನಾಗಿ ಅರಿತು ಅದರಂತೆ ನಡೆಯಬೇಕು. 'ಅವರಿಗೆ ಒಳ್ಳೆಯದು ಯಾವುದೆಂದು ನಮಗೆ ಗೊತ್ತು' ಎಂದು ಅಲ್ಲಿ ಹೊರಟುಬಿಡಲು ಆಗುವುದಿಲ್ಲ. ತಾಯಿ ಬಲ್ಲ ಈ ಸಂಗತಿಗಳನ್ನು ಈಗಲೇ ಬರೆದಿಡುವ ಒಂದು ಪುಸ್ತಕ ಪ್ರತಿ ಮನೆಯಲ್ಲೂ ಇರಬೇಕು. ಫೋಟೋ, ವಿಡಿಯೋ ಸಮೇತ. ತಾಯಿ ಇಲ್ಲದ ದಿನ ಬರುವವರು ಯಾರೇ ಇರಲಿ, ಅದನ್ನು ಓದಿ ನಡೆಯಬಹುದು. ಗಾರ್ಡಿಯನ್ ಆದೇಶದಲ್ಲಿ ಇದ್ಯಾವುದೂ ಇರುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಅರ್ಜಿಯ ವಿಚಾರಣೆಯ ದಿನ ಆ ವ್ಯಕ್ತಿಯ ಜೊತೆ, ಮನೆಯವರು ಹೊರಗಿರುವಾಗ, ಸ್ವಲ್ಪ ಹೊತ್ತು ಮಾತಾಡಿ. ಅವರಿಗೆ ಒಗ್ಗುವ ಕನ್ನಡದಲ್ಲಿ, ಬೇಕಿದ್ದರೆ ಚಿತ್ರ ತೋರಿಸಿ, ಸನ್ನೆಯಲ್ಲಿ. ದೊಡ್ಡ ಕಚೇರಿ, ಡವಾಲಿ, ಜನಜಂಗುಳಿ ನೋಡಿ ಬಾಯಿ ಕಟ್ಟುವವರೇ ಜಾಸ್ತಿ. ಆದ್ದರಿಂದ ಕಲಘಟಗಿಯವರನ್ನೋ ಹಾನಗಲ್ಲಿನವರನ್ನೋ ಎರಡು ಬಸ್ಸು ಬದಲಿಸಿ ಜಿಲ್ಲಾ ಕಚೇರಿಗೆ ಬರಿಸುವ ಬದಲು, ಅವರು ಬಲ್ಲ ಜಾಗದಲ್ಲೇ ಮೊದಲ ಮಾತುಕತೆ ಆಗಲಿ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಅಂಗವಿಕಲರೇ, ಆ ಮನೆಗಳನ್ನು ಬಲ್ಲವರು. ಅವರಿಗೆ ಈ ಕೆಲಸದಲ್ಲಿ ಸರಿಯಾದ ತರಬೇತಿ ಕೊಟ್ಟರೆ, ಯಾರ ಸಹಾಯ ಬೇಕು, ಯಾವುದಕ್ಕೆ ಬೇಕು ಎಂದು ಮೊದಲೇ ತಿಳಿದು ಬರೆದು ತರಬಲ್ಲರು. ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ.

ಗಾರ್ಡಿಯನ್ ಬೇಕೇ ಬೇಕು ಎಂದಾದರೆ ಆದೇಶದಲ್ಲಿ ಯಾವ ಕೆಲಸಕ್ಕೆ, ಎಂದಿನ ತನಕ ಎಂದು ಬರೆಯಿರಿ. ಆದೇಶದ ಒಂದು ಪ್ರತಿ, ಸರಳ ಕನ್ನಡದಲ್ಲಿ, ಆ ವ್ಯಕ್ತಿಯ ಕೈಗೇ ಹೋಗಲಿ. ಸಮಿತಿಯಲ್ಲಿರುವ ಅಂಗವಿಕಲ ಸದಸ್ಯರ ಜಾಗಕ್ಕೆ ಬೌದ್ಧಿಕ ಅಂಗವೈಕಲ್ಯ ಇರುವವರನ್ನೇ ಯಾಕೆ ಯೋಚಿಸಬಾರದು? ಸಹಾಯ ಇದ್ದರೆ ಆ ಕುರ್ಚಿಯಲ್ಲಿ ಕೂರಬಲ್ಲವರು ನಮ್ಮ ಜಿಲ್ಲೆಗಳಲ್ಲಿದ್ದಾರೆ.

ನನ್ನ ತಮ್ಮ ಪ್ರತಿ ಚುನಾವಣೆಯಲ್ಲೂ ಓಟು ಹಾಕುತ್ತಾನೆ. ಕೋರ್ಟು ಅಸ್ವಸ್ಥ ಮನಸ್ಸಿನವರು ಎಂದು ಘೋಷಿಸಿದವರನ್ನು ಬಿಟ್ಟರೆ ಉಳಿದವರ ಹೆಸರನ್ನು ಆ ಕಾರಣಕ್ಕೆ ಮತದಾರರ ಪಟ್ಟಿಯಿಂದ ತೆಗೆಯುವಂತಿಲ್ಲ. ಯಾರಿಗೆ ಹಾಕಿದ ಎಂದು ನನಗೂ ಹೇಳುವುದಿಲ್ಲ. ಶಾಸಕರನ್ನು ಆರಿಸುವ ಅವನ ನಿರ್ಧಾರವನ್ನು ನಂಬುವ ಸರ್ಕಾರ, ಅವನ ಪಗಾರದ ಪಾಸ್‌ಬುಕ್ಕಿಗೆ ನನ್ನ ಸಹಿ ಕೇಳುವುದು ಸರಿಯಲ್ಲ. ಆ ಬ್ಯಾಂಕಿನ ಉತ್ತರ ಇನ್ನೂ ಬದಲಾಗಿಲ್ಲ. ಗಾರ್ಡಿಯನ್ ಅರ್ಜಿ ಹಾಕಲು ನಾನು ಒಪ್ಪಿಲ್ಲ. ಅವನನ್ನು ಕೇಳಿದೆ, ಅದಲು ಬದಲು ಮಾಡಿಯೂ ಕೇಳಿದೆ. ಅವನಿಗೂ ಬೇಡ.

ಈ ವಿಷಯಕ್ಕೆ ಬ್ಯಾಂಕಿನವರು, ನೋಂದಣಿ ಇಲಾಖೆಯವರು, ಅಂಗವಿಕಲರ ಕಲ್ಯಾಣಾಧಿಕಾರಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಸೇರಿಸಿ ಒಂದು ಸಭೆ ಕರೆಯಿರಿ. ಅಂಗವಿಕಲ ವಯಸ್ಕರನ್ನೇ ಮೊದಲು ಕರೆಯಿರಿ, ಆಮೇಲೆ ನಮ್ಮನ್ನು. ತಮ್ಮ ಬರಲು ಒಪ್ಪಿದ್ದಾನೆ. ಮಧ್ಯಾಹ್ನ ಎರಡರ ತನಕ ಅವನಿಗೆ ರೊಟ್ಟಿ ಕೇಂದ್ರದಲ್ಲಿ ಕೆಲಸ ಇರುತ್ತದೆ, ಸಭೆ ಅದರ ನಂತರ ಇಡಿ.

ಇಂತಿ,
ಹುಬ್ಬಳ್ಳಿಯಿಂದ ಒಬ್ಬ ಅಕ್ಕ